ಮಗ್ಗುಲು ಬದಲಿಸಿದ ಗುಂಡಪ್ಪ

ಚಹಾದ ಕಪ್ಪು ಯಾವ ಕೈಯಲ್ಲಿತ್ತು, ಸೆರಗು ಯಾವ ಹೆಗಲ ಮೇಲಿತ್ತು, ಗೋಡೆ ಗಡಿಯಾರದ ಮುಳ್ಳು ಎಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಳ್ಳುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಟಿ.ವಿ. ಧಾರಾವಾಹಿಗಳಲ್ಲಿ ಈ ಕೆಲಸಕ್ಕೆ ಕಂಟಿನ್ಯೂಟಿ ಎಂದು ಹೆಸರು. ಒಂದು ದೃಶ್ಯವನ್ನು ತುಂಡು ತುಂಡಾಗಿ ಚಿತ್ರೀಕರಿಸುತ್ತಾರೆ. ಬಾಗಿಲ ಹೊರಗಿನ ತುಂಡು ಇವತ್ತು, ಒಳಗಿನದು ಮೂರು ದಿನ ಬಿಟ್ಟು. ಹೊರಗೆ ಕೆಂಪು ಬಳೆ ತೊಟ್ಟವಳು ಹೊಸ್ತಿಲು ದಾಟುವಷ್ಟರಲ್ಲಿ ಹಸಿರು ಬಳೆ ತೊಟ್ಟಿರಬಾರದು. ಅದನ್ನು ಕಾಯುವವಳು ನಾನು.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಆಗಾಗ ಫೋನು ಮಾಡಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಮೊಬೈಲು ಇದೆ, ಪ್ರತಿ ಶಾಟಿಗೂ ಫೋಟೊ ತೆಗೆಯುತ್ತಾರೆ. ನಮಗೆ ಪೆನ್ಸಿಲ್ಲೇ ಕ್ಯಾಮೆರಾ. ನನ್ನ ಮೊದಲ ಧಾರಾವಾಹಿಯಲ್ಲಿ ಒಬ್ಬ ಮುದುಕ ಬಲಗಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ, ಊಟ ಮುಗಿಸಿ ಬಂದು ಎಡಗಾಲಿಗೆ ಕಟ್ಟಿಕೊಂಡು ಎದ್ದ. ಮನೆಯಲ್ಲಿ ಕೂತು ನೋಡಿದವರು ಅದನ್ನು ಹಿಡಿದು ಕಾರ್ಡು ಬರೆದರು. ಅಂದಿನಿಂದ ನಾನು ಎಲ್ಲವನ್ನೂ ಚಿತ್ರ ಬಿಡಿಸಿಕೊಳ್ಳತೊಡಗಿದೆ. ನನಗೆ ಮನುಷ್ಯರನ್ನು ಬಿಡಿಸಲು ಬರುವುದಿಲ್ಲ. ಕಡ್ಡಿಯ ಕೈಕಾಲು, ಸೊನ್ನೆಯ ತಲೆ. ಆದರೆ ಕಿವಿಯೋಲೆ ಯಾವ ಕಿವಿಯಲ್ಲಿ ತಿರುಚಿಕೊಂಡಿದೆ ಎಂಬುದು ಆ ಸೊನ್ನೆಯಲ್ಲೂ ಸರಿಯಾಗಿ ಇರುತ್ತಿತ್ತು.

ಹುಡುಗಿಯರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಕಂಟಿನ್ಯೂಟಿ ತಪ್ಪಿದ್ದು ಯಾವತ್ತಾದರೂ ಒಳ್ಳೆಯದೇ ಆಯಿತೇ ಎಂದು. ಒಮ್ಮೆ ಆಯಿತು. ಅದು ನಮ್ಮ ಧಾರವಾಡ ಜಿಲ್ಲೆಯಲ್ಲೇ, ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ.

ಖಾಸಗಿ ವಾಹಿನಿಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ನಮ್ಮ ಕಂಪನಿ ವಾರಕ್ಕೊಂದು ಭಯದ ಕತೆ ಮಾಡುತ್ತಿತ್ತು. ಪ್ರತಿ ವಾರ ಬೇರೆ ಕತೆ, ಬೇರೆ ಮನೆ, ಬೇರೆ ಹೆಣ. ಹೆಸರು ‘ಕತ್ತಲ ಕಂತು’. ಯೂನಿಟ್ಟಿನವರು ಅದನ್ನು ದೆವ್ವದ ಡ್ಯೂಟಿ ಎನ್ನುತ್ತಿದ್ದರು. ಇವತ್ತು ಅದರ ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ. ಟೇಪುಗಳು ದುಬಾರಿಯಾಗಿದ್ದವು, ಒಂದು ಕತೆ ಪ್ರಸಾರವಾದ ಮೇಲೆ ಅದೇ ಟೇಪಿನ ಮೇಲೆ ಅಡುಗೆ ಕಾರ್ಯಕ್ರಮವನ್ನೋ ಹಾಡಿನ ಸ್ಪರ್ಧೆಯನ್ನೋ ತುಂಬಿಸುತ್ತಿದ್ದರು. ಹಾಗಾಗಿ ನಾನು ಹೇಳುವ ಕಂತನ್ನು ಇನ್ನು ಯಾರೂ ನೋಡಲಾರರು.

ನಿರ್ದೇಶಕರು ವಸಂತ ಸರ್. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಅವರು ಎಂದೂ ಯಾರ ಮೇಲೂ ಕೂಗಿದವರಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಎಷ್ಟು ಹೊತ್ತು ಒರೆಸುತ್ತಾರೋ ಅಷ್ಟು ಸಿಟ್ಟು. ಅವರು ಕನ್ನಡಕಕ್ಕೆ ಕೈ ಹಾಕಿದರೆ ಲೈಟಿನ ಹುಡುಗರು ಏಣಿಯ ಮೇಲಿಂದ ಇಳಿಯುತ್ತಲೇ ಇರಲಿಲ್ಲ.

ಆ ವಾರದ ಕತೆ ಹೀಗಿತ್ತು: ಮಲತಾಯಿಯೊಬ್ಬಳ ನಿರ್ಲಕ್ಷ್ಯದಿಂದ ಹಸುಗೂಸೊಂದು ಸಾಯುತ್ತದೆ. ಅಂದಿನಿಂದ ಬೀಗ ಹಾಕಿದ ಕೋಣೆಯಲ್ಲಿ ತೊಟ್ಟಿಲು ತಾನಾಗಿ ತೂಗುವ ಸದ್ದು. ಕೊನೆಗೊಂದು ದಿನ ಅವಳು ಬೀಗ ತೆಗೆದು ಒಳಗೆ ಹೋಗುತ್ತಾಳೆ. ಖಾಲಿ ತೊಟ್ಟಿಲು ತೂಗುತ್ತಿರುತ್ತದೆ. ಅಷ್ಟೇ ಕತೆ. ಅದಕ್ಕೆ ಬೇಕಾದದ್ದು ಹಳೆಯ ಬಣ್ಣದ ತೊಟ್ಟಿಲು. ಬಣ್ಣದ ತೊಟ್ಟಿಲು ಎಂದರೆ ಕಲಘಟಗಿ. ನಾನು ಕುಂದಗೋಳದವಳು, ಆ ಕಡೆಯ ಮಾತು ಬಲ್ಲವಳು ಎಂದು ತೊಟ್ಟಿಲು ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

ಕಲಘಟಗಿಯಲ್ಲಿ ತೊಟ್ಟಿಲುಗಳಿಗೆ ಬಣ್ಣ ಬರೆಯುವ ದಾವಲಸಾಬ ಎಂಬವರು ಸಿಕ್ಕರು. ನನ್ನ ತಂದೆಯ ವಯಸ್ಸು. ನಾನು ಕಾಕಾ ಎಂದೆ, ಅವರು ನನ್ನನ್ನು ಅಕ್ಕಾರ ಎಂದರು. ಅವರೇ ಬಮ್ಮಿಗಟ್ಟಿಯ ನೀಲವ್ವನ ಮನೆಗೆ ಕರೆದುಕೊಂಡು ಹೋದರು. ಆ ಮನೆಯ ತೊಟ್ಟಿಲಿನ ಬಣ್ಣ ದಾವಲಸಾಬರ ಅಜ್ಜನ ಕೈಯದು. ಕೆಂಪು, ಹಳದಿ, ಕಪ್ಪು. ಒಂದು ಬದಿಯಲ್ಲಿ ಗಿಳಿ. ಎಷ್ಟೋ ಕೂಸುಗಳ ಬೆರಳು ಸವರಿ ಸವರಿ ಅದರ ಕಣ್ಣು ಅಳಿಸಿಹೋಗಿತ್ತು. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಈ ತೊಟ್ಟಿಲು ಅಲ್ಲಿಗೆ ಹೋಗುತ್ತಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತ, ಅಟ್ಟದ ಮೇಲೆ ಅದು ಇದ್ದದ್ದೇ ಕಡಿಮೆ. ನಾವು ಹೋದಾಗ ಮನೆಯಲ್ಲಿತ್ತು. ಯಾಕೆಂದರೆ ಈ ಸಲ ಸರದಿ ಆ ಮನೆಯದೇ. ಮೊಮ್ಮಗಳು ಶಿವಲೀಲಾ ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿದ್ದು ನವಲಗುಂದ ಕಡೆಯ ಯಮನೂರಿಗೆ. ಮೊದಲ ಬಸಿರು ಐದನೆಯ ತಿಂಗಳಿಗೆ ಉಳಿಯದೆ ಹೋಗಿತ್ತು. ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಆದರೆ ಆಕೆ ಅಂಗಳಕ್ಕೆ ಇಳಿದರೆ ಮನೆಮಂದಿಯ ಕಣ್ಣೆಲ್ಲ ಅವಳ ಕಾಲಿನ ಮೇಲೆ.

ನೀಲವ್ವ ಕತೆ ಏನೆಂದು ಕೇಳಿದರು. ವಸಂತ ಸರ್ ಮುಚ್ಚುಮರೆ ಇಲ್ಲದೆ ಹೇಳಿದರು. ದೆವ್ವಕ್ಕೆ ಆ ಮುದುಕಿ ಹೆದರಲಿಲ್ಲ. ಖಾಲಿ ತೊಟ್ಟಿಲು ತೂಗುತ್ತದೆ ಎಂದಾಗ ಮಾತ್ರ ಎದ್ದು ನಿಂತರು.

“ಖಾಲಿ ತೊಟ್ಟಲಾ ತೂಗಿದ್ರ ಅದರಾಗ ಮಲಗೂ ಕೂಸಿಗೆ ಹೊಟ್ಟಿಶೂಲಿ ಬರತೈತಿ. ನಿಮ್ಮ ದೆವ್ವಕ್ಕ ಹೇಳ್ರಿ, ಬ್ಯಾರೆ ಏನರ ತೂಗಲಿ ಅಂತ.”

ಎರಡೇ ನಿಮಿಷದ ಕೆಲಸ ಅಮ್ಮ ಎಂದರು ವಸಂತ ಸರ್.

“ಎರಡ ನಿಮಿಷದ್ದಾದ್ರೂ ಶೂಲಿ ಶೂಲಿನ.”

ವಸಂತ ಸರ್ ಕನ್ನಡಕ ತೆಗೆದರು. ಅವರು ಒರೆಸಲು ಶುರುಮಾಡುವ ಮೊದಲೇ ನನಗೆ ನನ್ನ ಅಕ್ಕನ ಮಗನಿಗೆ ಹೆಸರಿಟ್ಟ ದಿನ ನೆನಪಾಯಿತು. ನಮ್ಮ ಕಡೆ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಮುಂಚೆ ರುಬ್ಬುವ ಒಳಕಲ್ಲಿನ ಗುಂಡನ್ನು ತೊಳೆದು, ಅದಕ್ಕೆ ಕೂಸಿನ ತಲೆಗೆ ಹಾಕುವ ಕುಲಾಯಿ ತೊಡಿಸಿ, ಕಾಡಿಗೆಯಿಂದ ಕಣ್ಣು ಬರೆದು ಮಲಗಿಸಿ ತೂಗುತ್ತಾರೆ. ಅದು ಗುಂಡಪ್ಪ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು ಅವನು ಮೊದಲು, ಕೂಸು ಆಮೇಲೆ. ಗುಂಡಪ್ಪನನ್ನು ಮಲಗಿಸಿದರೆ ತೊಟ್ಟಿಲು ಖಾಲಿ ಆಗುವುದಿಲ್ಲವಲ್ಲ ಎಂದೆ.

ನೀಲವ್ವ ಒಳಗೆ ಹೋಗಿ ಗುಂಡು ತಂದರು. ಹಣೆಗೆ ವಿಭೂತಿ, ಎರಡು ದೊಡ್ಡ ಕಾಡಿಗೆಯ ಕಣ್ಣು, ಕೆನ್ನೆಗೊಂದು ದೃಷ್ಟಿಬೊಟ್ಟು, ಮೇಲೆ ಹಳೆಯ ಕುಲಾಯಿ. ತೊಟ್ಟಿಲಿನಲ್ಲಿ ಮಲಗಿಸಿ ಕುತ್ತಿಗೆಯವರೆಗೆ ಹೊದಿಸಿದರು. ವಸಂತ ಸರ್ ಇಣುಕಿ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ಇಣುಕಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಇದು ಖಾಲಿ ತೊಟ್ಟಿಲಿಗಿಂತ ಭಯಂಕರವಾಗಿದೆ ಎಂದರು.

ನೀಲವ್ವನಿಗೆ ಬೇಸರವಾಯಿತು. “ಭಯಂಕರ ಯಾಕಿರಬೇಕ್ರಿ? ಅಗದಿ ಚಂದ ಅದಾನ.”

ಚಿತ್ರೀಕರಣಕ್ಕೆ ಒಪ್ಪಿದ ಮೇಲೆ ಆಕೆ ನನ್ನನ್ನು ಬದಿಗೆ ಕರೆದರು. ತೊಟ್ಟಿಲ ಗಿಳಿಯ ಮೇಲೆ ಕೈಯಿಟ್ಟು, “ಇದರ ಹೆಸರ ಕೆಡಬಾರದ ನೋಡ ತಂಗಿ. ನಮ್ಮ ಶಿವಲೀಲಾನ ಕೂಸು ಇದರಾಗ ಮಲಗಬೇಕು,” ಎಂದರು.

“ಕೆಡೂದಿಲ್ರಿ ಅಮ್ಮಾ. ನಾ ಅದೀನಲ್ರಿ,” ಎಂದೆ. ಆಗ ನನಗೆ ಇಪ್ಪತ್ತೈದೂ ತುಂಬಿರಲಿಲ್ಲ. ಆ ವಯಸ್ಸಿನಲ್ಲಿ ನಾ ಅದೀನಿ ಎನ್ನುವುದು ಬಲು ಸುಲಭ.

ಭಯದ ಕತೆಗಳನ್ನು ನಾವು ಹಗಲಲ್ಲೇ ಚಿತ್ರೀಕರಿಸುತ್ತಿದ್ದೆವು. ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದು, ಒಂದು ಮೂಲೆಯಿಂದ ನೀಲಿ ಲೈಟು ಬಿಟ್ಟು, ಸಾಂಬ್ರಾಣಿ ಹೊಗೆ ಹಾಕಿದರೆ ರಾತ್ರಿಯಾಗುತ್ತಿತ್ತು. ದಾವಲಸಾಬರು ಅಟ್ಟದ ಮೇಲೆ ಬೋರಲಾಗಿ ಮಲಗಿ ತೊಟ್ಟಿಲಿಗೆ ಕಟ್ಟಿದ ಕರಿ ದಾರ ಎಳೆಯಬೇಕು. ಮೊದಲ ಸಲ ದಾರ ಜೋರಾಗಿ ಎಳೆದಾಗ, ಮಲತಾಯಿಯಾಗಿದ್ದ ನಟಿ ನಡುಗುತ್ತ ಬಾಗಿಲಲ್ಲಿ ನಿಂತಿದ್ದಾಗಲೇ, ಅಡುಗೆಮನೆಯಿಂದ ನೀಲವ್ವನ ದನಿ ಬಂತು: “ಸಾವಕಾಶ ತೂಗೋ ದಾವಲ್ಯಾ, ಬಿದ್ದಗಿದ್ದೀತು.” ಆ ಟೇಕು ಕೆಟ್ಟಿತು. ಎರಡನೆಯದು ಅಟ್ಟದ ಮೇಲೆ ದಾವಲಸಾಬರು ಸೀನಿದ್ದಕ್ಕೆ ಕೆಟ್ಟಿತು.

ನನ್ನ ಸಂಕಟ ಬೇರೆ. ಬೆಳಿಗ್ಗೆ ದೂರದಿಂದ ತೆಗೆದ ಶಾಟಿನಲ್ಲಿ ಗುಂಡಪ್ಪನ ಮುಖ ಬಾಗಿಲ ಕಡೆಗಿತ್ತು. ನಾನು ಬರೆದುಕೊಂಡಿದ್ದೆ, ಸೊನ್ನೆಯ ತಲೆಗೆ ಎರಡು ಚುಕ್ಕಿ ಇಟ್ಟು. ಚಹಾ ಕುಡಿದು ಬಂದು ಹತ್ತಿರದಿಂದ ತೆಗೆದರೆ ಮುಖ ಗೋಡೆಯ ಕಡೆಗಿದೆ. ಕ್ಯಾಮೆರಾ ಓಡಿ ನಿಂತ ಮೇಲೆ ನನಗೆ ಗೊತ್ತಾಗಿದ್ದು. ದಾವಲಸಾಬರನ್ನು ಕೇಳಿದೆ, ಅವರು ಅಟ್ಟದಿಂದ ಇಳಿದೇ ಇಲ್ಲ ಎಂದರು. ಲೈಟಿನ ಹುಡುಗರು ಆ ಕಲ್ಲಿನ ಹತ್ತಿರ ಹೋಗಲೂ ಅಂಜುತ್ತಿದ್ದರು. ಕಲ್ಲಿಗೆ ಕೈ ಮುಟ್ಟಿಸಬೇಡಿ ಎಂದು ಎಲ್ಲರಿಗೂ ಹೇಳಿದೆ. ಊಟವಾದ ಮೇಲೆ ಮತ್ತೊಂದು ಶಾಟು. ಈ ಸಲ ಮುಖ ಅಂಗಾತ, ನೇರ ಕ್ಯಾಮೆರಾವನ್ನೇ ನೋಡುತ್ತಿದೆ. ಕಾಡಿಗೆ ಬೇರೆ ಹೊಸದು.

ನಾನು ಕಂಬದ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹಸುಗೂಸನ್ನು ಎತ್ತುವಾಗ ಕತ್ತಿನ ಕೆಳಗೆ ಕೈ ಕೊಡುತ್ತಾರಲ್ಲ, ಹಾಗೆ ಕೊಟ್ಟು ಗುಂಡನ್ನು ಮೆಲ್ಲಗೆ ಹೊರಳಿಸಿದರು. ಕುಲಾಯಿ ಸರಿಮಾಡಿ, ಎರಡು ಸಲ ತಟ್ಟಿ, ಹೊರಟರು.

“ಅಮ್ಮಾ, ಏನ ಮಾಡಾಕತ್ತೀರಿ?”

“ಮಗ್ಗಲಾ ಬದಲಿ ಮಾಡಿದ್ನಿ. ಒಂದ ಕಡೆ ಮಲಗಿಸಿದ್ರ ತಲಿ ಚಪ್ಪಟಿ ಆಗತೈತಿ.”

“ಅದು ಕಲ್ಲರಿ.”

“ತೊಟ್ಟಲದಾಗ ಇರೂಮಟಾ ಕೂಸು. ಹೊರಗ ತಗದ ಮ್ಯಾಲ ಕಲ್ಲು. ಇಷ್ಟೂ ಗೊತ್ತಿಲ್ಲೇನಬೇ ನಿನಗ? ಕುಂದಗೋಳದಾಕಿ ಅಂತೀದಿ.”

ಮೂರು ಶಾಟುಗಳ ಎದುರು ‘ಕೂಡುವುದಿಲ್ಲ’ ಎಂದು ಬರೆದು ವಸಂತ ಸರ್ ಮುಂದೆ ಹಿಡಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಹೊತ್ತು ಇಳಿಯುತ್ತಿತ್ತು, ಮತ್ತೆ ತೆಗೆಯಲು ಸಮಯವಿರಲಿಲ್ಲ.

ಬೆಂಗಳೂರಿಗೆ ಮರಳಿ ಕೆಲವು ವಾರಗಳಾದ ಮೇಲೆ ಅವರು ನನ್ನನ್ನು ಎಡಿಟಿಂಗ್ ಕೋಣೆಗೆ ಕರೆದು ಕೂರಿಸಿ ಆ ಮೂರನ್ನೂ ಜೋಡಿಸಿ ತೋರಿಸಿದರು. ಮಲತಾಯಿ ಇಣುಕುತ್ತಾಳೆ: ಕಲ್ಲು ಬಾಗಿಲ ಕಡೆಗೆ ನೋಡುತ್ತಿದೆ. ಅವಳು ಹೆದರಿ ಮುಖ ತಿರುಗಿಸುತ್ತಾಳೆ. ಮತ್ತೆ ನೋಡುತ್ತಾಳೆ: ಕಲ್ಲು ಗೋಡೆಗೆ ಮುಖ ಮಾಡಿದೆ. ಅವಳು ಹಿಂದೆ ಸರಿಯುತ್ತಾಳೆ. ಕಲ್ಲು ಅಂಗಾತವಾಗಿ ನಮ್ಮನ್ನೇ ನೋಡುತ್ತದೆ. ಯಾರು ಹೊರಳಿಸಿದ್ದು ಎಂದು ಗೊತ್ತಿದ್ದೂ ನನ್ನ ಬೆನ್ನು ತಣ್ಣಗಾಯಿತು.

“ಈಗ ಬರೆದುಕೊಳ್ಳಿ, ಕೂಡುತ್ತದೆ ಅಂತ,” ಎಂದರು ವಸಂತ ಸರ್.

ಪ್ರಸಾರವಾದ ವಾರ ಕಚೇರಿಗೆ ರಾಶಿ ಕಾರ್ಡು ಬಂದವು. ಮಕ್ಕಳು ಒಬ್ಬರೇ ಮಲಗಲು ಒಲ್ಲರು ಎಂದು ಬೈದವರೇ ಹೆಚ್ಚು. ವಸಂತ ಸರ್ ಅಂಥ ಕಾರ್ಡುಗಳನ್ನು ಪ್ರಶಸ್ತಿಯಂತೆ ಮೇಜಿನ ಮೇಲೆ ಹರವಿದ್ದರು. ನಾನು ಅದೇ ಖುಷಿಯಲ್ಲಿ ರಜೆ ಹಾಕಿ ಕುಂದಗೋಳಕ್ಕೆ ಹೋದೆ. ಅಲ್ಲಿಗೆ ಒಂದು ಬೆಳಿಗ್ಗೆ ದಾವಲಸಾಬರು ನಮ್ಮ ಮನೆ ಹುಡುಕಿಕೊಂಡು ಬಂದರು.

ಶಿವಲೀಲಾ ಸುಖವಾಗಿ ಹೆತ್ತಿದ್ದಳು, ಗಂಡು ಕೂಸು. ಬಮ್ಮಿಗಟ್ಟಿಯವರು ಕಂತನ್ನು ಒಟ್ಟಿಗೆ ಕೂತು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದರು. ಗುಂಡಪ್ಪ ಬಂದಾಗಲೆಲ್ಲ ಹೆಂಗಸರು ಅವನಿಗೆ ದೃಷ್ಟಿ ತೆಗೆದರಂತೆ. ಮಲಗಿದ ಕೂಸಿನ ಮುಂದೆ ಹೀಗೆ ಕಿರುಚುತ್ತಾರೇನು ಎಂದು ನೀಲವ್ವ ಟಿ.ವಿ.ಯ ನಟಿಯನ್ನೇ ಬೈದರಂತೆ. ಆದರೆ ಅದೇ ಕಂತನ್ನು ಯಮನೂರಿನಲ್ಲಿ ಶಿವಲೀಲಾಳ ಅತ್ತೆ ಪಾರ್ವತೆವ್ವನೂ ನೋಡಿದ್ದರು. ಅವರು ನಗಲಿಲ್ಲ. ತೊಟ್ಟಿಲಿನ ಗಿಳಿಯ ಗುರುತು ಹಿಡಿದರು. ಮರುದಿನವೇ ಹೇಳಿಕಳಿಸಿದರು: ಆ ತೊಟ್ಟಿಲಿನಲ್ಲಿ ನಮ್ಮ ಕೂಸು ಮಲಗುವುದು ಬೇಡ, ಹೆಸರಿಡುವುದನ್ನು ಯಮನೂರಿನಲ್ಲೇ ಮಾಡುತ್ತೇವೆ, ಬಾಣಂತಿಯನ್ನು ಕಳಿಸಿರಿ. ಆ ಮಾತು ಬಮ್ಮಿಗಟ್ಟಿಯಲ್ಲೂ ಹರಡಿತ್ತು. ಮುಂದಿನ ಸರದಿಗೆ ತೊಟ್ಟಿಲು ಕೇಳಿದ್ದ ಮನೆಯವರು ಈಗ ಬೇರೆ ಕಡೆ ನೋಡುತ್ತಿದ್ದರು.

ನೀಲವ್ವ ಏನೆಂದರು ಎಂದು ಕೇಳಿದೆ.

“ಏನೂ ಅನಲಿಲ್ರಿ ಅಕ್ಕಾರ. ತೊಟ್ಟಲಾ ಬಿಚ್ಚಿ ಅಟ್ಟಕ್ಕ ಹಾಕ ದಾವಲ್ಯಾ ಅಂದ್ಳು. ಅಷ್ಟ.”

ಆಕೆ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಅಂದೇ ನಾವಿಬ್ಬರೂ ಬಸ್ಸು ಹತ್ತಿದೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದ, ಅಲ್ಲಿಂದ ಯಮನೂರು. ಅಲ್ಲಿಯ ದರ್ಗಾಕ್ಕೆ ದಾವಲಸಾಬರು ವರ್ಷವರ್ಷವೂ ಹೋಗುವವರು, ದಾರಿ ಅವರಿಗೆ ಗೊತ್ತು. ಹೋಗಿ ಏನು ಹೇಳಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಪಾರ್ವತೆವ್ವ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದರು. ಕೂರಿಸಿದರು, ನೀರು ಕೊಟ್ಟರು, ಆದರೆ ಮೊರ ಕೆಳಗಿಡಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಕಪ್ಪು ಬಟ್ಟೆ, ಸಾಂಬ್ರಾಣಿ ಹೊಗೆ, ಅಟ್ಟದ ಮೇಲೆ ದಾವಲಸಾಬರು, ಕರಿ ದಾರ. ಅವರು ಕೇಳಿಸಿಕೊಂಡರು.

“ದಾರ ಎಳದ್ರ ತೊಟ್ಟಲಾ ತೂಗತೈತಿ, ಒಪ್ಪಿದ್ನಿ. ಕಲ್ಲು ಯಾರ ಹೊಳ್ಳಿಸಿದ್ರು? ಅದಕ್ಕೂ ದಾರ ಕಟ್ಟಿದ್ರೇನು?”

“ಇಲ್ರಿ. ನೀಲವ್ವಮ್ಮ ಹೊಳ್ಳಿಸಿದ್ರು.”

“ಸಿನಿಮಾಕ್ಕಂತ?”

“ಸಿನಿಮಾಕ್ಕ ಅಲ್ರಿ. ಒಂದ ಮಗ್ಗಲಕ್ಕ ಮಲಗಿದ್ರ ತಲಿ ಚಪ್ಪಟಿ ಆಗತೈತಂತ.”

ಮೊರ ನಿಂತಿತು. ನಾನು ಕಂಬದ ಮರೆಯಲ್ಲಿ ನಿಂತದ್ದು, ಆಕೆ ಕತ್ತಿನ ಕೆಳಗೆ ಕೈ ಕೊಟ್ಟದ್ದು, ನಾವಿಬ್ಬರೂ ಜಗಳಾಡಿದ್ದು, ತೊಟ್ಟಿಲಿನಲ್ಲಿರುವವರೆಗೂ ಕೂಸು ಎಂದದ್ದು, ಎಲ್ಲ ಹೇಳಿದೆ.

“ಕಾಡಿಗಿ ಸೈತ ಅಕಿನ ಹಚ್ಚಿದ್ಲೇನು?”

“ಅಳಸಿದಾಗೆಲ್ಲ ಹೊಸಾದು ಹಚ್ಚಿದ್ರು.”

“ಕಲ್ಲಿಗೆ.”

“ಹೌದ್ರಿ.”

ಪಾರ್ವತೆವ್ವ ಬಹಳ ಹೊತ್ತು ಕಡಲೆಯಲ್ಲಿ ಇಲ್ಲದ ಹರಳು ಹುಡುಕಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ಹ್ವಾದ ಸಲ ಏನಾತು ನಿಮಗ ಗೊತ್ತೈತಿಲ್ಲೋ ಗೊತ್ತಿಲ್ಲ. ನನಗ ಎದಿ ಇಲ್ಲವಾ. ಗಾಳಿ ಬೀಸಿದ್ರೂ ಅಂಜಿಕಿ ಬರತೈತಿ.” ದಾವಲಸಾಬರು ಅಂಜಬೇಡ್ರಿ ಎಂದೇನೂ ಹೇಳಲಿಲ್ಲ. ಆ ತೊಟ್ಟಿಲಿನಲ್ಲಿ ಮಲಗಿ ಎದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಮುದುಕರಿದ್ದರು, ಮೊನ್ನೆ ಮೊನ್ನೆ ಶಾಲೆಗೆ ಸೇರಿದವರಿದ್ದರು. ಕೊನೆಯಲ್ಲಿ, “ನಿಮ್ಮ ಸೊಸಿನೂ ಅದರಾಗ ಮಲಗಿ ಎದ್ದಾಕಿರಿ,” ಎಂದರು.

ಆಯಿತು ಎಂದಾಗಲಿ ಇಲ್ಲ ಎಂದಾಗಲಿ ಪಾರ್ವತೆವ್ವ ಹೇಳಲಿಲ್ಲ. ಊಟಕ್ಕೆ ಎಬ್ಬಿಸಿದರು. ರೊಟ್ಟಿ ಹಾಕುವಾಗ ನನ್ನ ಹತ್ತಿರ ಬಗ್ಗಿ ಕೇಳಿದರು, “ಆ ಗುಂಡಪ್ಪನ ತಲಿ ಎಷ್ಟ ದೊಡ್ಡದೈತಿ?”

“ಯಾಕ್ರಿ?” ಎಂದೆ.

“ಕೂಸಿಗೆ ಕುಲಾಯಿ ಹೊಲಿಯಾಕತ್ತೀನಿ. ಅರಿವಿ ಮಿಗತೈತಿ. ಅವಗೂ ಒಂದ ಹೊಲೀತೀನಿ. ಟಿ.ವಿ.ಯಾಗ ನೋಡಿದ್ನಲ್ಲ, ಅದ ಎಲ್ಲಿ ಹಳೇ ಹರಕ ಹಾಕಿದ್ರೋ ಏನೋ.”

ಒಳಕಲ್ಲಿನ ಗುಂಡಿನ ಅಳತೆಯನ್ನು ನಾನು ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ. ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿ, ಅಳತೆ ಸರಿಯಿತ್ತೋ ಇಲ್ಲವೋ ಹೇಳಲಾರೆ.

ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳುವುದಿಷ್ಟೇ. ‘ಕೂಡುವುದಿಲ್ಲ’ ಎಂದು ಬರೆಯುವ ಮುಂಚೆ ವಸ್ತು ಯಾಕೆ ಸರಿಯಿತು ಎಂದು ಕೇಳಿಕೊಳ್ಳಿ. ಗಾಳಿಗೆ ಸರಿದದ್ದು ಬೇರೆ, ಒಬ್ಬರ ಕೈ ಸರಿಸಿದ್ದು ಬೇರೆ. ವಸಂತ ಸರ್ ತೀರಿಕೊಳ್ಳುವವರೆಗೂ ಆ ಕಂತಿನ ಬಗ್ಗೆ ಹೆಮ್ಮೆ ಪಟ್ಟರು. ಅದನ್ನು ಮೀರಿಸಿದ ಭಯ ತಮಗೆ ಮತ್ತೆ ಸಿಕ್ಕಲಿಲ್ಲ ಎನ್ನುತ್ತಿದ್ದರು. ಅದು ಭಯವೇ ಅಲ್ಲ ಸರ್ ಎಂದು ನಾನು ಅವರಿಗೆ ಒಮ್ಮೆಯೂ ಹೇಳಲಿಲ್ಲ. ಅವರ ಖುಷಿಯನ್ನು ಯಾಕೆ ಕೆಡಿಸಬೇಕು?

ಹೆಸರಿಡುವುದು ಕೊನೆಗೆ ಬಮ್ಮಿಗಟ್ಟಿಯಲ್ಲೇ ಆಯಿತು, ಆ ದಿನ ನಾನೂ ಹೋದೆ. ಅಟ್ಟದಿಂದ ಇಳಿದ ತೊಟ್ಟಿಲನ್ನು ನಡುಮನೆಯಲ್ಲಿ ಕಟ್ಟಿದ್ದರು, ಗುಂಡಪ್ಪ ಬೆಳಿಗ್ಗೆಯಿಂದಲೇ ಅದರಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಗಿಳಿಗೆ ದಾವಲಸಾಬರು ಹೊಸ ಕಣ್ಣು ಬರೆದಿದ್ದರು. ಯಮನೂರಿನವರು ಒಂದು ಟ್ರ್ಯಾಕ್ಸ್ ಗಾಡಿ ಬಾಡಿಗೆಗೆ ಮಾಡಿಕೊಂಡು ಬಂದರು. ಪಾರ್ವತೆವ್ವ ಚೀಲದಿಂದ ಎರಡು ಕುಲಾಯಿ ತೆಗೆದರು, ಎರಡೂ ಒಂದೇ ಬಣ್ಣ. ಗುಂಡಪ್ಪನದು ಒಂದಿಷ್ಟು ಸಡಿಲವಾಯಿತು. ನನ್ನ ಅಳತೆಯ ತಪ್ಪು. ನೀಲವ್ವ ಹೊಸದಾಗಿ ಕಣ್ಣು ಬರೆದು, ಈ ಸಲ ಅವನನ್ನು ಬಾಗಿಲ ಕಡೆ ಮುಖ ಮಾಡಿ ಮಲಗಿಸಿದರು. ಹೆಂಗಸರು ತೂಗಿದರು. ಕೂಸನ್ನು ಎತ್ತಿಕೊಂಡು ಶಿವಲೀಲಾ ಪಕ್ಕಕ್ಕೆ ನಿಂತಿದ್ದಳು, ಅತ್ತೆಯ ಮುಖವನ್ನೇ ನೋಡುತ್ತ.

ತೊಟ್ಟಿಲು ನಿಂತಿತು. ಕಲ್ಲನ್ನು ಎತ್ತಿಕೊಟ್ಟು ಕೂಸನ್ನು ಇಸಿದುಕೊಳ್ಳಬೇಕಾದವರು ಪಾರ್ವತೆವ್ವ. ಅವರು ಬಗ್ಗಿದರು. ಎತ್ತಲಿಲ್ಲ. ಕತ್ತಿನ ಕೆಳಗೆ ಕೈ ಕೊಟ್ಟು, ಗುಂಡಪ್ಪನನ್ನು ಮೆಲ್ಲಗೆ ಗೋಡೆಯ ಕಡೆಗೆ ಹೊರಳಿಸಿದರು.

ನೀಲವ್ವ ತೊಟ್ಟಿಲ ಅಂಚು ಹಿಡಿದುಕೊಂಡು ನೋಡಿದರು.

“ಆ ಕಡೆ ಬ್ಯಾಡ ಬೀಗತಿ,” ಎಂದರು. “ಮುಂಜಾನಿಂದ ಅದ ಮಗ್ಗಲದಾಗ ಮಲಗಿದ್ದ.”

ಪಾರ್ವತೆವ್ವ ಅವನನ್ನು ಅಂಗಾತ ಮಾಡಿ, ಕುಲಾಯಿ ಸರಿಪಡಿಸಿ, ಎರಡು ಸಲ ತಟ್ಟಿ ಎತ್ತಿಕೊಂಡರು. ಆಮೇಲೆ ಕೂಸಿಗಾಗಿ ಕೈ ಚಾಚಿದರು.